ಪೆಟ್ಟಿಗೆಗೆ ಮೊದಲ ಪಂಕ್ತಿ

ನಾಲ್ಕನೇ ಪುಟದ ರೇಖಾನಕ್ಷೆಯ ಕೆಳಗೆ, ಇರುವೆಯಂಥ ಅಕ್ಷರಗಳಲ್ಲಿ, ದ್ವೀಪದ ಹೆಸರು ಇನ್ನೊಂದು ಕಡೆ ಉಳಿದುಬಿಟ್ಟಿತ್ತು: ಗುಸುಂಗ್ ರಾಯ. ಬೆಸ್ಸೆ ಅದನ್ನು ಅಳಿಸಿ ‘ದ್ವೀಪ ಅ’ ಎಂದು ಬರೆದಳು. ಪ್ರಬಂಧ ಬರೆದವರು ಯಾರು, ಯಾವ ಊರಿನವರು ಎಂಬುದು ಓದಿ ತೀರ್ಪು ಹೇಳುವವರಿಗೆ ಗೊತ್ತಾಗಬಾರದು ಎಂದು ಪ್ರಬಂಧ ಆಹ್ವಾನಿಸಿದ್ದ ಸಂಶೋಧನಾ ಕಾರ್ಯಾಗಾರದವರ ಕಟ್ಟಪ್ಪಣೆ. ಹೆಸರಿನ ವಾಸನೆ ಬಡಿದರೂ ಸಾಕು, ಓದದೆಯೇ ಹಿಂದಕ್ಕಟ್ಟುತ್ತಾರೆ. ಹಾಗಾಗಿ ಬೆಳಗಿನಿಂದ ಅವಳು ತನ್ನ ಹೆಸರು, ಪ್ರೊಫೆಸರರ ಹೆಸರು, ಮಕಸ್ಸಾರ್ ಪಟ್ಟಣದ ಹೆಸರು, ಕೊನೆಗೆ ಸಮುದ್ರದ ಹೆಸರನ್ನೂ ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸಿ ಆರಿಸಿ ತೆಗೆಯುತ್ತಿದ್ದಳು.

ಪ್ರಬಂಧ ಅವರ ಜಾಲತಾಣಕ್ಕೆ ಏರಿ ಆಗಲೇ ಕೆಲವು ದಿನಗಳಾಗಿದ್ದವು. ಈ ಕಸುಬಿನಲ್ಲಿ ಅದೊಂದು ರೂಢಿ. ಅರೆಬೆಂದದ್ದನ್ನೇ ಮೊದಲು ಏರಿಸಿಡುವುದು, ಆಮೇಲೆ ಗಡುವಿನ ತನಕ ಹಳೆಯದನ್ನು ತೆಗೆದು ಹೊಸದನ್ನು ಇಡುತ್ತಾ ಹೋಗುವುದು. ಭೂಮಿಯ ಮೇಲೆ ಯಾವುದಾದರೂ ಒಂದು ಮೂಲೆಯಲ್ಲಿ ಆ ತಾರೀಖು ಮುಗಿಯದೆ ಉಳಿದಿರುವ ತನಕ ಗಡುವೂ ಉಳಿದಿರುತ್ತದೆ ಎಂಬುದು ಅವರ ಲೆಕ್ಕ. ಆ ಲೆಕ್ಕದಲ್ಲಿ ಮಕಸ್ಸಾರಿಗೆ ಇವತ್ತು ಸಂಜೆ ಎಂಟು ಗಂಟೆ. ಎಂಟಕ್ಕೆ ಅಲ್ಲಿ ಏನಿರುತ್ತದೋ ಅದೇ ಸಲ್ಲಿಕೆ. ಏನೂ ಮಾಡದೆ ಸುಮ್ಮನೆ ಕೂತರೂ ಸಲ್ಲಿಕೆಯೇ.

ಸುಮ್ಮನೆ ಕೂರುವ ಸ್ಥಿತಿಯಲ್ಲಿ ಬೆಸ್ಸೆ ಇರಲಿಲ್ಲ. ಹೊರದೇಶದ ಪಂಡಿತರು ಒಪ್ಪಿದ ಒಂದು ಪ್ರಬಂಧವಾದರೂ ಕೈಯಲ್ಲಿರದೆ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡುವುದಿಲ್ಲ. ಕೊಟ್ಟ ಏಳು ವರ್ಷದ ಅವಧಿ ಈ ಅರ್ಧವರ್ಷಕ್ಕೆ ಮುಗಿಯುತ್ತಿತ್ತು. ಹಿಂದೆ ಬೇರೆ ಕಡೆಗೆ ಕಳಿಸಿದ ಎರಡು ಪ್ರಬಂಧಗಳು ಹೋದ ದಾರಿಯಲ್ಲೇ ತಿರುಗಿ ಬಂದಿದ್ದವು. ಈ ಕಾರ್ಯಾಗಾರಕ್ಕೆ ಬೇಕಾದದ್ದು ಆರೇ ಪುಟ. ಪುಸ್ತಕದ ಮೇಲಿನ ಗಣಿತಕ್ಕಿಂತ ನೆಲದ ಮೇಲೆ ನಡೆಯುವ ನೆಟ್‌ವರ್ಕಿನ ಸುದ್ದಿಗೇ ಅಲ್ಲಿ ಬೆಲೆ. ಪಾಲೊಪೊದಲ್ಲಿರುವ ಅವಳ ತಾಯಿ ಅಕ್ಕಪಕ್ಕದವರ ಮುಂದೆ ಈಗಾಗಲೇ ಮಗಳನ್ನು ಡಾಕ್ಟರ್ ಮಾಡಿಬಿಟ್ಟಿದ್ದಳು. ಓದಲು ರಜೆ ಕೊಟ್ಟು ಕಳಿಸಿದ ಕಾಲೇಜಿನವರು ಮಾತ್ರ ಪ್ರತಿ ಹಬ್ಬಕ್ಕೂ ಶುಭಾಶಯ ಕಳಿಸಿ, ಕೊನೆಯ ಸಾಲಿನಲ್ಲಿ ‘ಯಾವಾಗ?’ ಎಂದು ಕೇಳುತ್ತಿದ್ದರು.

ವಿಭಾಗದ ಕೆಳಗಿನ ಬಾಗಿಲಿನಿಂದ ಕಾವಲುಗಾರ ಫೋನ್ ಮಾಡಿ, ಯಾರೋ ಮುದುಕರು ಮೀನಿನ ಬುಟ್ಟಿ ಹೊತ್ತು ಬಂದಿದ್ದಾರೆ, ಲಿಫ್ಟಿಗೆ ಹತ್ತಿಸಿದರೆ ಕಟ್ಟಡವೆಲ್ಲ ನಾರುತ್ತದೆ, ನೀವೇ ಇಳಿದು ಬನ್ನಿ ಅಂದ. ದಾಯೆಂಗ್ ತೊಂಪೊ ಅಲ್ಲದೆ ಬೇರೆ ಯಾರೂ ಆಗಿರಲು ಸಾಧ್ಯವಿರಲಿಲ್ಲ. ಗುಸುಂಗ್ ರಾಯ ದ್ವೀಪಕ್ಕೆ ಇಂಟರ್‌ನೆಟ್ ತಂದವನು ಅವನೇ. ದೋಣಿಯ ಇಂಜಿನ್ ರಿಪೇರಿ ಮಾಡಿಕೊಂಡಿದ್ದವನು ಅವರಿವರನ್ನು ಕೇಳಿ ಕಲಿತು, ಊರವರಿಂದ ಪಾಲು ಎತ್ತಿ, ಮಸೀದಿಯ ಪಕ್ಕ ಗೋಪುರ ನಿಲ್ಲಿಸಿ, ಪಟ್ಟಣದ ಕಡೆಯಿಂದ ಗಾಳಿಯಲ್ಲಿ ಒಂದು ಲೈನು ಎಳೆದು ಮನೆಮನೆಗೆ ಹಂಚಿದ್ದ. ಲೈನಿನ ವೇಗ ಅಳೆಯುವ ಬೆಸ್ಸೆಯ ಪೆಟ್ಟಿಗೆ ಕೂತಿದ್ದು ಅವನ ಮನೆಯ ಮಾಡಿನಲ್ಲೇ. ಅದನ್ನು ಕೂರಿಸಲು ಹೋದಾಗ ಅವಳು ಅವನ ಮನೆಯಲ್ಲೇ ವಾರ ಉಳಿದಿದ್ದಳು. ಅವನ ಸೊಸೆ ರನ್ನು ಮದುವೆಯಲ್ಲಿ ಬಂದ ಹೊಸ ಹಾಸಿಗೆಯನ್ನು ಅವಳಿಗೆ ಬಿಟ್ಟುಕೊಟ್ಟು, ತಾನು ಮಗುವಿನೊಂದಿಗೆ ಚಾಪೆಯ ಮೇಲೆ ಮಲಗಿದ್ದಳು.

ಕ್ಯಾಂಟೀನಿನಲ್ಲಿ ದಾಯೆಂಗ್ ತೊಂಪೊ ಬುಟ್ಟಿಯನ್ನು ಕಾಲಿನ ನಡುವೆ ಇಟ್ಟುಕೊಂಡು ಕೂತಿದ್ದ. ಇಸ್ತ್ರಿ ಮಾಡಿದ ಬಾತಿಕ್ ಅಂಗಿ, ತಲೆಗೆ ಕಪ್ಪು ಟೋಪಿ, ಮದುವೆಗೆ ಹೊರಟ ಹಾಗೆ. ಕಾಫಿ ಮತ್ತು ಕರಿದ ಬಾಳೆಹಣ್ಣು ಬಂತು. ಅವನು ತಟ್ಟೆಯನ್ನು ಮೊದಲು ಅವಳ ಕಡೆಗೇ ತಳ್ಳಿದ. ತಾನು ಅವನಿಗೆ ಕೊಡಿಸಿದ್ದರಲ್ಲೂ ತನಗೇ ಉಪಚಾರ ನಡೆಯುತ್ತಿದೆಯಲ್ಲ ಎಂದು ಬೆಸ್ಸೆಗೆ ನಗು ಬಂತು.

"ಇವತ್ತಲ್ವಾ ಮಗಳೇ ನಿನ್ನ ಪರೀಕ್ಷೆ?" ಅವನ ಪ್ರಕಾರ ಪ್ರಬಂಧ ಕಳಿಸುವುದೂ ಪರೀಕ್ಷೆ ಬರೆಯುವುದೂ ಒಂದೇ. "ನಮ್ಮೂರ ಹೆಸ್ರು ಬಂತಾ ಅದ್ರಲ್ಲಿ?"

ಹೆಸರು ಹಾಕುವ ಹಾಗಿಲ್ಲ, ‘ದ್ವೀಪ ಅ’ ಎಂದು ಹಾಕಿದ್ದೇನೆ ಎಂದು ಅವಳು ತಪ್ಪು ಮಾಡಿದವಳ ಹಾಗೆ ಹೇಳಿದಳು. ಅವನು ಸ್ವಲ್ಪ ಯೋಚಿಸಿದ.

"ಬೇರೆ ದ್ವೀಪ ಇದಾವಾ ಅದ್ರಲ್ಲಿ, ಆ, ಇ ಅಂತ?"

"ಇಲ್ಲ, ನಿಮ್ದೊಂದೇ."

"ಒಬ್ಬನೇ ಓಡಿದ್ರೂ ಮೊದಲ್ನೇ ಬಹುಮಾನ ಬಹುಮಾನಾನೇ ಬಿಡು," ಅಂದು ಅವನು ಕಾಫಿ ಹೀರಿದ.

ಆಮೇಲೆ ಅವನು ತಾನು ಬಂದ ಕಾರಣ ಹೇಳಿದ. ಹೋದ ತಿಂಗಳು ಜಿಲ್ಲಾ ಕಚೇರಿಯವರು ಬಂದಿದ್ದರಂತೆ. ಸಣ್ಣ ದ್ವೀಪಗಳಿಗೆ ಕಡಲ ತಳದಲ್ಲಿ ತಂತಿ ಎಳೆಯುತ್ತಾರಂತೆ. ಎಲ್ಲ ದ್ವೀಪಕ್ಕೂ ಆಗುವುದಿಲ್ಲ, ಯಾವುದಕ್ಕೆ ಕೊರತೆ ಇದೆಯೋ ಅದಕ್ಕೆ ಮಾತ್ರ. ಕೊರತೆ ಇದೆ ಎನ್ನುವುದಕ್ಕೆ ಆಧಾರ ಏನು ಎಂದು ಕೇಳಿದರು. ವಿಶ್ವವಿದ್ಯಾಲಯದ ನಮ್ಮ ಮಗಳೇ ಪೆಟ್ಟಿಗೆ ಇಟ್ಟು ಅಳೆಯುತ್ತಿದ್ದಾಳೆ, ಅವಳು ಬರೆದದ್ದನ್ನೇ ನೋಡಿಕೊಳ್ಳಿ ಎಂದು ತಾನು ಎದೆ ತಟ್ಟಿ ಹೇಳಿದೆ ಎಂದ. ಊರವರೆಲ್ಲ ಅದನ್ನೇ ಕಾಯುತ್ತಿದ್ದಾರೆ. ಇವತ್ತು ಪ್ರಬಂಧ ಹೋಗುತ್ತದೆ ಎಂದು ಮನೆಯಲ್ಲಿ ಸೊಂಕೊಲೊ ಬೇಯಿಸಲು ಕಪ್ಪು ಅಕ್ಕಿ ನೆನೆಹಾಕಿದ್ದಾರೆ.

ಬೆಸ್ಸೆ ಕಚ್ಚಿದ ಬಾಳೆಹಣ್ಣನ್ನು ತಟ್ಟೆಗೇ ಇಟ್ಟಳು. ಏಕೆಂದರೆ ಅವಳ ಪ್ರಬಂಧ ಹೇಳುತ್ತಿದ್ದದ್ದು ಅದರ ತದ್ವಿರುದ್ಧ. ಊರವರೇ ಕೂಡಿ ಕಟ್ಟಿದ ಸಣ್ಣ ಲೈನು, ಸಂಜೆಯ ನೂಕುನುಗ್ಗಲಲ್ಲೂ ಒಂಚೂರೂ ಕುಗ್ಗುವುದಿಲ್ಲ. ಇಂಥ ಕಡೆ ದುಬಾರಿ ತಂತಿ ಬೇಕಿಲ್ಲ, ಇದ್ದದ್ದೇ ಸಾಕು. ಹಾಗೆ ಹೇಳಿದ್ದು ಅವಳ ಆಸೆಯಲ್ಲ, ಪೆಟ್ಟಿಗೆಯ ಲೆಕ್ಕ. ಕೊಳವೆ ಎಷ್ಟು ದಪ್ಪ ಎಂದು ತಿಳಿಯಲು ನಲ್ಲಿಯನ್ನು ಪೂರ್ತಿ ತಿರುಗಿಸಿ ನೋಡುವ ಹಾಗೆ, ಆ ಪೆಟ್ಟಿಗೆ ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ಲೈನಿನಿಂದ ಎಷ್ಟು ಎಳೆಯಲು ಸಾಧ್ಯವೋ ಅಷ್ಟನ್ನೂ ಎಳೆದು, ರೇಖಾನಕ್ಷೆಯ ಮೇಲೆ ಒಂದು ಚುಕ್ಕಿ ಇಡುತ್ತಿತ್ತು. ಬೇರೆಲ್ಲ ಊರುಗಳಲ್ಲಿ ಸಂಜೆಯಾಗುತ್ತಲೇ ಚುಕ್ಕಿಗಳು ಬಾವಿಗೆ ಬಿದ್ದ ಹಾಗೆ ಕೆಳಗಿಳಿಯುತ್ತವೆ. ಗುಸುಂಗ್ ರಾಯದ ಚುಕ್ಕಿಗಳು ಐದು ತಿಂಗಳು ಹಗಲೂ ರಾತ್ರಿ ಒಂದೇ ನೇರ ಗೆರೆಯ ಮೇಲೆ ಕೂತಿದ್ದವು. ತಾನು ಅಲ್ಲಿದ್ದ ವಾರ ಸಂಜೆ ಹೊತ್ತು ತಾಯಿಗೆ ಫೋನ್ ಮಾಡಲು ಪರದಾಡಿದ್ದು ಅವಳಿಗೆ ನೆನಪಿತ್ತು. ಆದರೆ ಅವಳ ಮಾರ್ಗದರ್ಶಕ ಪ್ರೊಫೆಸರ್ ಮಕ್ಕುಲಾವ್ ಆ ಗೆರೆ ನೋಡಿ ಕುರ್ಚಿಯಿಂದ ಎದ್ದೇಬಿಟ್ಟಿದ್ದರು. ಎಲ್ಲರೂ ಅಂದುಕೊಂಡದ್ದಕ್ಕಿಂತ ಬೇರೆಯದನ್ನು ಹೇಳುವ ಪ್ರಬಂಧವೇ ಅಲ್ಲವೇ ಗೆಲ್ಲುವುದು. ನಿನ್ನ ನೆನಪಿಗಿಂತ ಅಂಕಿಗಳನ್ನು ನಂಬು ಅಂದಿದ್ದರು.

"ದಾಯೆಂಗ್," ಅವಳು ತಡವರಿಸಿದಳು, "ಲೆಕ್ಕದಲ್ಲಿ ನಿಮ್ಮೂರ ಲೈನು ತುಂಬಾ ಚೆನ್ನಾಗಿದೆ ಅಂತ ಬಂದಿದೆ."

ಅವನು ಬೇಸರಪಟ್ಟುಕೊಳ್ಳುತ್ತಾನೆ ಎಂದುಕೊಂಡಿದ್ದಳು. ಚೆನ್ನಾಗಿದೆ ಎಂದರೆ ತಂತಿ ಇಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ, ಮುಖ ಅರಳಿತು.

"ಬರದೇ ಇರುತ್ತಾ? ನಿನ್ನ ಪೆಟ್ಟಿಗೆಗೆ ನಾನೇ ಮೊದಲ್ನೇ ಪಂಕ್ತಿ ಹಾಕಿದೀನಿ. ಅದು ಉಂಡು ಕೈ ತೊಳ್ಕೊಂಡ ಮೇಲೇನೇ ಊರೋರಿಗೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅವನು ಕಾಫಿಯ ಲೋಟ, ಸಕ್ಕರೆ ಡಬ್ಬಿ, ತಟ್ಟೆ ಎಲ್ಲ ಜೋಡಿಸಿಟ್ಟು ತೋರಿಸಿದ. ಲೈನು ಊರಿಗೆ ಬಂದು ಮುಟ್ಟುವ ಮೂತಿಯಲ್ಲೇ, ಎಲ್ಲ ಮನೆಗಳಿಗಿಂತ ಮುಂದೆ, ಅವಳ ಪೆಟ್ಟಿಗೆ. ಅದು ಕೇಳಿದಾಗ ಕೇಳಿದಷ್ಟು ಅದಕ್ಕೆ ಕೊಟ್ಟು, ಮಿಕ್ಕದ್ದು ಉಳಿದವರಿಗೆ ಎಂದು ಅವನು ಯಂತ್ರಕ್ಕೆ ಕಟ್ಟಳೆ ಬರೆದಿದ್ದ. ಪೆಟ್ಟಿಗೆ ಉಣ್ಣುವ ಎರಡು ನಿಮಿಷ ಮಿಕ್ಕದ್ದು ಎಂಬುದೇ ಇರುತ್ತಿರಲಿಲ್ಲ. ಹೊರಡುವ ದಿನ ನೀನೇ ಅಂದಿದ್ದೆಯಲ್ಲ, ಇದನ್ನು ಚೆನ್ನಾಗಿ ನೋಡಿಕೊಳ್ಳಿ ಅಂತ, ಎಂದು ಅವನು ನೆನಪಿಸಿದ. ಹೌದು, ಅಂದಿದ್ದಳು. ಮಳೆ ತಾಗದಂತೆ, ವಿದ್ಯುತ್ತು ತಪ್ಪದಂತೆ ಎಂಬ ಅರ್ಥದಲ್ಲಿ. ಆದರೆ ಆ ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳುವುದು ಅಂದರೆ ಏನೆಂದು ವಾರವಿಡೀ ಹೊಸ ಹಾಸಿಗೆಯಲ್ಲಿ ಮಲಗಿದ್ದ ಅವಳಿಗೆ ಗೊತ್ತಿರಬೇಕಿತ್ತು.

"ಆಗ ಊರೋರ ಫೋನು?"

"ನಿಂತುಬಿಡುತ್ತೆ. ಎಲ್ಲಾ ಗೊಂಬೆ ಥರ. ಎರಡು ನಿಮ್ಷ ತಾನೆ, ಅಭ್ಯಾಸ ಆಗಿದೆ." ಅವನಿಗೆ ಅದು ತಮಾಷೆಯ ವಿಷಯ. ಅವನ ಮಗ ಮೊರೊವಾಲಿಯ ನಿಕ್ಕಲ್ ಕಾರ್ಖಾನೆಯಲ್ಲಿದ್ದ. ಸಂಜೆಯ ಪಾಳಿ ನಡುವೆ ಹತ್ತು ನಿಮಿಷ ಬಿಡುವು. ಅಷ್ಟರಲ್ಲೇ ರನ್ನುವಿನ ಜೊತೆ ಮಾತು, ಮಗುವಿನ ಮುಖ ನೋಡುವುದು, ಎಲ್ಲವೂ. "ಅವನು ಬಾಯಿ ತೆಗೆಯೋ ಹೊತ್ತಿಗೇ ನಿನ್ನ ಪೆಟ್ಟಿಗೆಗೆ ಹಸಿವಾಗೋದು. ಮಗು ಈಗ ಅಪ್ಪ ಕಲ್ಲಾದ ತಕ್ಷಣ ಚಪ್ಪಾಳೆ ತಟ್ಟುತ್ತೆ, ನೆಂಟ್ರು ಉಣ್ತಿದಾರೆ, ನೆಂಟ್ರು ಉಣ್ತಿದಾರೆ ಅಂತ. ಯಾರು ಹೇಳ್ಕೊಟ್ರೋ."

ಬೆಸ್ಸೆ ನಗಲು ನೋಡಿದಳು. ಸಲ್ಲಿಕೆಯ ಜೊತೆಗಿನ ಪ್ರಶ್ನೆಗಳಲ್ಲಿ ಒಂದು, ನಿಮ್ಮ ಅಳತೆಯಿಂದ ಯಾರಿಗಾದರೂ ತೊಂದರೆಯಾಗಿದೆಯೇ ಎಂದಿತ್ತು. ಎಲ್ಲರೂ ಬರೆಯುವ ಹಾಗೆ ಅವಳೂ ಯಾರಿಗೂ ಇಲ್ಲ ಎಂದು ಬರೆದು ಮುಂದೆ ಹೋಗಿದ್ದಳು.

ಇನ್ನು ಮೇಲೆ ಪೆಟ್ಟಿಗೆಯನ್ನು ಎಲ್ಲರ ಜೊತೆ ಸಾಲಲ್ಲಿ ನಿಲ್ಲಿಸಿಬಿಡಿ, ಇವತ್ತೇ, ಎಂದು ಅವಳು ಮೆಲ್ಲಗೆ ಕೇಳಿಕೊಂಡಳು. ದಾಯೆಂಗ್ ತೊಂಪೊನ ಮುಖ ಸಣ್ಣಗಾಯಿತು. ತಮ್ಮ ಉಪಚಾರದಲ್ಲಿ ಏನಾದರೂ ಕಡಿಮೆಯಾಯಿತೇ ಎಂದು ಕೇಳಿದ. ಅಯ್ಯೋ ಹಾಗಲ್ಲ ಅಂದಳು.

"ಮತ್ತೆ? ಉಣ್ತಾ ಕೂತಿರೋ ನೆಂಟನ್ನ ಅರ್ಧದಲ್ಲಿ ಎಬ್ಬಿಸ್ತಾರಾ ಮಗಳೇ? ನಿನ್ನ ಫಲಿತಾಂಶ ಬರ್ಲಿ. ಆಮೇಲೆ ನೋಡೋಣ."

ನಿಮ್ಮ ಈ ಮರ್ಯಾದೆಯಿಂದಲೇ ನಿಮ್ಮೂರಿನ ಕೊರತೆ ಮುಚ್ಚಿಹೋಯಿತು ಎಂದು ಹೇಳಬೇಕಿತ್ತು. ಊರವರ ಮುಂದೆ ಎದೆ ತಟ್ಟಿದ ಮುದುಕ, ಇಸ್ತ್ರಿ ಅಂಗಿ ಹಾಕಿಕೊಂಡು ಕಡಲು ದಾಟಿ ಬಂದವನು. ತನ್ನ ಕೈಯಾರೆ ಊರಿನ ಬಾಯಿಗೆ ಮಣ್ಣು ಹಾಕಿದೆ ಎಂದು ತಿಳಿದರೆ ಅವನು ಯಾರಿಗೂ ಮುಖ ತೋರಿಸುವುದಿಲ್ಲ. ಆ ಕಡೆಯವರು ಹಸಿವು ತಾಳುತ್ತಾರೆ, ನಾಚಿಕೆ ತಾಳುವುದಿಲ್ಲ. ಬೆಸ್ಸೆ ಹೇಳುವ ಬದಲು ತಟ್ಟೆಯನ್ನು ಅವನ ಕಡೆಗೆ ತಳ್ಳಿದಳು. ಅಷ್ಟೇ ಅಲ್ಲ, ಇವನು ಈ ಮಾತನ್ನು ನಾಳೆ ಬಂದು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂಬ ಯೋಚನೆಯೂ ಅವಳಿಗೆ ಬಂತು. ಬಂದದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಮಧ್ಯಾಹ್ನದ ದೋಣಿ ತಪ್ಪೀತೆಂದು ಅವನು ಎದ್ದ. ಸಂಜೆ ಮಗ್ರಿಬ್ ನಮಾಜು ಮುಗಿಸಿ ಎಲ್ಲರೂ ಸೇರಿರುತ್ತಾರೆ, ತಪ್ಪದೆ ಫೋನ್ ಮಾಡು ಎಂದು ಹೇಳಿ, ಬುಟ್ಟಿಯನ್ನು ಅವಳ ಕಾಲ ಬಳಿ ಬಿಟ್ಟು ಪೆತೆಪೆತೆ ವ್ಯಾನು ಹಿಡಿಯಲು ಹೋದ.

ಮೇಲೆ ಬಂದು ಬೆಸ್ಸೆ ಮೊದಲು ಮಾಡಿದ ಕೆಲಸ ಪೆಟ್ಟಿಗೆಯನ್ನು ನಿಲ್ಲಿಸಲು ಹೊರಟದ್ದು. ಆದರೆ ಪೆಟ್ಟಿಗೆಗಳ ದಿನಚರಿ ಇದ್ದದ್ದು ಅವುಗಳನ್ನು ಹಂಚಿದ ದೂರದೇಶದ ಸಂಶೋಧಕರ ಕೈಯಲ್ಲಿ. ಅವಳಿಗೆ ನೋಡುವ ಅಧಿಕಾರವಿತ್ತು, ನಿಲ್ಲಿಸುವುದಲ್ಲ. ದಯವಿಟ್ಟು ಈಗಲೇ ನಿಲ್ಲಿಸಿ ಎಂದು ಬರೆದು ಕಳಿಸಿದಳು. ಮರುಕ್ಷಣವೇ ಉತ್ತರ ಬಂತು. ಆಸೆಯಿಂದ ತೆರೆದರೆ, ನಾನು ರಜೆಯಲ್ಲಿದ್ದೇನೆ, ಸೋಮವಾರ ನಿಮ್ಮನ್ನು ಸಂಪರ್ಕಿಸುತ್ತೇನೆ ಎಂದು ಯಂತ್ರ ತಾನಾಗಿ ಕಳಿಸಿದ ಓಲೆ.

ಪ್ರೊಫೆಸರ್ ಮಕ್ಕುಲಾವ್ ತಮ್ಮ ಕೋಣೆಯಲ್ಲಿ ರಕ್ತದೊತ್ತಡದ ಮಾತ್ರೆ ನುಂಗುತ್ತಿದ್ದರು. ಇನ್ನೊಂದು ವರ್ಷಕ್ಕೆ ನಿವೃತ್ತಿ. ಕೆಟ್ಟ ಮನುಷ್ಯರಲ್ಲ. ಬೆಸ್ಸೆಯ ತಂದೆ ತೀರಿಕೊಂಡಾಗ ಬಸ್ಸು ಹಿಡಿದು ಪಾಲೊಪೊಗೆ ಬಂದು ಜನಾಜಾ ನಮಾಜಿಗೆ ನಿಂತಿದ್ದವರು. ಅವಳು ಎಲ್ಲವನ್ನೂ ಹೇಳಿ ಮುಗಿಸುವವರೆಗೂ ನೀರಿನ ಲೋಟ ಕೈಯಲ್ಲೇ ಹಿಡಿದುಕೊಂಡಿದ್ದರು.

"ಇದನ್ನ ನಂಗೆ ಇವತ್ತು ಯಾಕೆ ಹೇಳ್ತೀಯ ಬೆಸ್ಸೆ?"

"ನಂಗೂ ಇವತ್ತೇ ಗೊತ್ತಾಗಿದ್ದು ಪ್ರೊಫ್."

ಅವರು ಲೋಟವನ್ನು ಮೇಜಿನ ಮೇಲಿಟ್ಟರು. ಆಮೇಲೆ ಪಾಠ ಮಾಡುವ ದನಿಯಲ್ಲಿ, ನಾವು ಬರೆದದ್ದರಲ್ಲಿ ಸುಳ್ಳು ಎಲ್ಲಿದೆ ತೋರಿಸು ಅಂದರು. ಕೊಳವೆಯಲ್ಲಿ ಎಷ್ಟು ನೀರು ಹರಿಯಬಹುದು ಎಂದು ಅಳೆದಿದ್ದೇವೆ. ಅಷ್ಟು ಹರಿಯುವುದು ನಿಜವೇ. ಯಾರ ಮನೆಯ ಕೊಡಕ್ಕೆ ಎಷ್ಟು ಬಿತ್ತು ಎಂದು ನಾವು ಬರೆದಿಲ್ಲವಲ್ಲ.

"ಕೊನೇ ಸಾಲು ಹಾಗಿಲ್ಲ ಪ್ರೊಫ್. ಊರಿಗೆ ಇಷ್ಟು ಸಾಕು ಅಂತ ಬರ್ದಿದೀವಿ."

"ಅದನ್ನ ತೆಗೆದ್ರೆ ಅಲ್ಲಿ ಉಳಿಯೋದೇನು?"

ಆ ಸಾಲು ತೆಗೆದರೆ ಮಿಕ್ಕದ್ದು ಆರು ಪುಟದ ಸಿಪ್ಪೆ. ಪೆಟ್ಟಿಗೆಯನ್ನು ಸಾಲಲ್ಲಿ ನಿಲ್ಲಿಸಿ ಮೊದಲಿನಿಂದ ಅಳೆಯಬೇಕೆಂದರೆ ಮತ್ತೆ ತಿಂಗಳುಗಟ್ಟಲೆ. ಅಷ್ಟು ಹೊತ್ತಿಗೆ ಅವಳ ಹೆಸರು ವಿಶ್ವವಿದ್ಯಾಲಯದ ದಾಖಲೆಯಲ್ಲಿರುವುದಿಲ್ಲ. ತಂತಿ ಯಾವ ದ್ವೀಪಕ್ಕೆ ಎಂದು ನಿರ್ಧರಿಸುವ ಸಮಿತಿಯಲ್ಲಿ ಪ್ರೊಫೆಸರರೂ ಇದ್ದರು. ಪ್ರಬಂಧ ಹೇಗಾದರೂ ಹೋಗಲಿ, ಸಮಿತಿಯ ಮುಂದಾದರೂ ನಡೆದದ್ದನ್ನು ಹೇಳುತ್ತೀರಾ ಎಂದು ಅವಳು ಕೇಳಿದಳು.

"ನನ್ನ ಹೆಸ್ರಿರೋ ಪ್ರಬಂಧದ ವಿರುದ್ಧ ನಾನೇ ಸಾಕ್ಷಿ ಹೇಳ್ಲಾ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನೋಡು, ಅದು ನಿನ್ನ ಖಾತೆಯಲ್ಲಿದೆ. ವಾಪಸ್ ತಗೊಳ್ಳೋದಾದ್ರೆ ತಗೋ, ನಾನು ಬೈಯಲ್ಲ. ಆದ್ರೆ ಅವಧಿ ಮುಗೀತು ಅಂತ ನಿನ್ನ ಹೆಸ್ರು ಹೊಡೆದಾಗ ಇಲ್ಲಿಗೆ ಬಂದು ಅಳ್ಬೇಡ. ನಂಗೆ ನೋಡೋಕಾಗಲ್ಲ."

ಮಧ್ಯಾಹ್ನದ ಮೇಲಿನ ಅಸರ್ ನಮಾಜಿನ ಕರೆ ಕೇಳಿಸಿತು. ಅವರು ಚಪ್ಪಲಿ ಮೆಟ್ಟಿಕೊಂಡು, ಅವಳ ತಲೆಯನ್ನೊಮ್ಮೆ ಸವರಿ, ಹೊರಗೆ ಹೋದರು. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು ಅವಳಿಗೆ. ಬೈದವರ ಮೇಲೆ ಹಟವಾದರೂ ಸಾಧಿಸಬಹುದು.

ಸಂಜೆಯವರೆಗೆ ಬೆಸ್ಸೆ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಒಂದು ಕಿಟಕಿಯಲ್ಲಿ ಸಲ್ಲಿಕೆಯ ಪುಟ, ಅದರ ಬುಡದಲ್ಲಿ ‘ಹಿಂತೆಗೆ’ ಎಂಬ ಗುಂಡಿ. ಇನ್ನೊಂದರಲ್ಲಿ ಗುಸುಂಗ್ ರಾಯದ ನಕ್ಷೆ, ಅರ್ಧ ಗಂಟೆಗೊಮ್ಮೆ ಒಂದು ಚುಕ್ಕಿ. ಬಿಸಿತುಪ್ಪ ಬಾಯಿಗೆ ಬಂದಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಒಮ್ಮೆ ಕೊನೆಯ ಸಾಲನ್ನು ಅಳಿಸಿ, ಇನ್ನಷ್ಟು ಅಧ್ಯಯನ ಅಗತ್ಯ ಎಂದು ಬರೆದಳು. ಓದಿ ನೋಡಿದರೆ ಅದು ಯಾರೂ ಒಪ್ಪದ, ಯಾರಿಗೂ ಬೇಡದ ಪ್ರಬಂಧವಾಗಿತ್ತು. ಹಳೆಯ ಸಾಲನ್ನೇ ಮತ್ತೆ ಇಟ್ಟಳು. ಬುಟ್ಟಿಯ ಮೀನನ್ನು ವಿಭಾಗದ ಫ್ರಿಜ್ಜಿನಲ್ಲಿ ತುರುಕಿದ್ದಳು. ಯಾರೋ ಬಂದು, ಇದು ಯಾರ ಬಾರೊನಾಂಗ್ ಮೀನು, ಮನೆಗೆ ಒಯ್ಯಲೇ ಎಂದು ಕೇಳಿದರು. ಒಯ್ಯಿರಿ ಅಂದಳು.

ಮಗ್ರಿಬ್ ಕಳೆದ ಮೇಲೆ ಒಂದು ತೀರ್ಮಾನಕ್ಕೆ ಬಂದಳು. ದಾಯೆಂಗ್ ತೊಂಪೊನಿಗೆ ನಿಜ ಹೇಳಿಬಿಡುವುದು. ಅವನೇ ಹೇಳಲಿ, ತೆಗೆ ಮಗಳೇ ಅಂತ. ಅವನೊಬ್ಬ ಬಾಯಿಬಿಟ್ಟು ಅಂದರೆ ಗುಂಡಿ ಒತ್ತುವ ಧೈರ್ಯ ತನಗೆ ಬರುತ್ತದೆ. ಮುದುಕನ ಹೆಗಲ ಮೇಲೆ ಈ ಭಾರ ಹೊರಿಸುತ್ತಿದ್ದೇನೆ ಎಂಬುದು ಗೊತ್ತಿದ್ದೂ ಅವಳು ವಿಡಿಯೊ ಕರೆ ಮಾಡಿದಳು.

ಇಡೀ ಬೀದಿಯೇ ಅವನ ಜಗಲಿಯಲ್ಲಿ ಸೇರಿತ್ತು. ಒಬ್ಬರ ಮೇಲೊಬ್ಬರು ಬಗ್ಗಿ ಪರದೆಯಲ್ಲಿ ಮುಖ ತೂರಿಸಿದರು. ಬೆಸ್ಸೆ ಬಡಕಲಾಗಿದ್ದಾಳೆ, ಪಟ್ಟಣದಲ್ಲಿ ಯಾರೂ ಊಟ ಹಾಕುವುದಿಲ್ಲವೇ ಅಂದಳು ಒಬ್ಬಳು. ಡಾಕ್ಟರ್ ಆದ ಮೇಲೆ ನನ್ನ ಮಂಡಿನೋವಿಗೆ ಔಷಧ ಕೊಡಬೇಕು ಅಂದ ಒಬ್ಬ ಮುದುಕ. ಅವಳು ಆ ಥರದ ಡಾಕ್ಟರ್ ಅಲ್ಲವೋ ಎಂದು ಉಳಿದವರು ಅವನನ್ನು ಹಿಂದಕ್ಕೆಳೆದರು. ದಾಯೆಂಗ್ ತೊಂಪೊ ಎಲ್ಲರನ್ನೂ ಸರಿಸಿ ಮುಂದೆ ಕೂತ. ಇಸ್ತ್ರಿ ಅಂಗಿ ಇನ್ನೂ ಮೈಮೇಲಿತ್ತು. ಕೈಯಲ್ಲಿ ಬಿಸಿ ಸೊಂಕೊಲೊದ ತಟ್ಟೆ, ಮೇಲೆ ಹುರಿದ ತೆಂಗಿನತುರಿ.

"ಮೊದಲ್ನೇ ತಟ್ಟೆ ನಿಂದೇ," ಎಂದು ಅದನ್ನು ಫೋನಿನ ಹತ್ತಿರಕ್ಕೆ ಚಾಚಿದ.

"ದಾಯೆಂಗ್, ನಿಮ್ಗೊಂದು ವಿಷಯ ಹೇಳ್ಬೇಕಿತ್ತು. ಆ ಪೆಟ್ಟಿಗೆ..."

ಏಳೂವರೆ. ತಟ್ಟೆ ಚಾಚಿದ ಕೈ ಅಲ್ಲೇ ನಿಂತಿತು. ಅವನ ಬಾಯಿ ಅರ್ಧ ತೆರೆದಿತ್ತು, ಹಿಂದೆ ನಗುತ್ತಿದ್ದವರ ಹಲ್ಲುಗಳು ನಗುತ್ತಲೇ ನಿಂತವು, ತಟ್ಟೆಯಿಂದ ಏಳುತ್ತಿದ್ದ ಹಬೆ ಕೂಡ ನಿಂತಿತು. ಬೆಸ್ಸೆ ಎರಡು ನಿಮಿಷ ಆ ಕೈಯನ್ನೇ ನೋಡುತ್ತಾ ಕೂತಳು. ಹೇಳಬೇಕೆಂದಿದ್ದ ಮಾತನ್ನು ಮನಸ್ಸಿನಲ್ಲೇ ಜೋಡಿಸಿದಳು, ಬಿಚ್ಚಿದಳು, ಜೋಡಿಸಿದಳು. ಇಷ್ಟು ಹತ್ತಿರದಿಂದ ಅವನ ಮುಖವನ್ನು ಅವಳು ಯಾವತ್ತೂ ನೋಡಿರಲಿಲ್ಲ. ಸಂತೋಷದಲ್ಲಿದ್ದ ಮನುಷ್ಯನ ಮುಖ. ಹಿಂದೆ ಅಜ್ಜಿಯೊಬ್ಬಳ ಹೆಗಲ ಮೇಲೆ ಕೂತ ಮಗುವಿನ ಎರಡು ಕೈಗಳು ಚಪ್ಪಾಳೆಗೆಂದು ಎದ್ದು, ಒಂದನ್ನೊಂದು ಮುಟ್ಟದೆ ನಿಂತಿದ್ದವು.

ಚಿತ್ರಕ್ಕೆ ಜೀವ ಬಂದಾಗ ಮೊದಲು ಕೇಳಿಸಿದ್ದು ನಗು.

"ನಿನ್ನ ಪೆಟ್ಟಿಗೆ ಉಂಡಿದ್ದಾಯ್ತು," ಅಂದ ದಾಯೆಂಗ್ ತೊಂಪೊ. "ಈಗ ಹೇಳು, ಏನೋ ಅಂತಿದ್ದೆ?"

ಅವಳು ಬಾಯಿ ತೆರೆದಳು. ಜಗಲಿಯ ಅಷ್ಟೂ ಕಣ್ಣುಗಳು ಅವಳ ಬಾಯನ್ನೇ ನೋಡುತ್ತಿದ್ದವು. ಇಷ್ಟು ಜನರ ನಡುವೆ, ಅವನ ಸ್ವಂತ ಜಗಲಿಯಲ್ಲಿ, ಹೇಗೆ ಹೇಳುವುದು?

"ಏನಿಲ್ಲ," ಅಂದಳು. "ಸೊಂಕೊಲೊ ಆರಿಹೋಗುತ್ತೆ, ಊಟ ಮಾಡಿ."

ಎಲ್ಲರೂ ತಟ್ಟೆಗಳ ಕಡೆ ತಿರುಗಿದರು. ಫೋನು ಕೈಯಿಂದ ಕೈಗೆ ದಾಟಿ ಕೊನೆಗೆ ರನ್ನುವಿನ ಹತ್ತಿರ ಬಂತು. ಅವಳು ಅದನ್ನು ಹಿಡಿದು ಗದ್ದಲದಿಂದ ದೂರ, ಬಾವಿಯ ಕಡೆ ನಡೆದಳು. ಕತ್ತಲಲ್ಲಿ ಅವಳ ಮುಖ ಅರ್ಧವಷ್ಟೇ ಕಾಣುತ್ತಿತ್ತು. ಐದು ತಿಂಗಳಲ್ಲಿ ಒಂದು ಸಲವೂ ಅವಳು ಪೆಟ್ಟಿಗೆಯ ಸುದ್ದಿ ಎತ್ತಿರಲಿಲ್ಲ. ಈಗಲೂ ಎತ್ತಲು ನಾಚಿಕೊಂಡಳು.

"ಅಕ್ಕ, ತಪ್ಪು ತಿಳ್ಕೋಬೇಡಿ. ನಿಮ್ಮ ಪರೀಕ್ಷೆ ಎಷ್ಟೊತ್ತಿಗೆ ಮುಗಿಯುತ್ತೆ?"

"ಎಂಟಕ್ಕೆ," ಅಂದಳು ಬೆಸ್ಸೆ.

ರನ್ನು ಉಸಿರು ಬಿಟ್ಟದ್ದು ಕೇಳಿಸಿತು. "ಹಾಗಾದ್ರೆ ನಮ್ಮನೆಯವರಿಗೆ ಎಂಟಕ್ಕೇ ಫೋನ್ ಮಾಡಿ ಅಂತ ಹೇಳ್ತೀನಿ. ಇವತ್ತು ಮಗು ಹುಟ್ಟಿದಬ್ಬ. ಅವರದೊಂದು ಹಾಡಿದೆ, ಯಾವತ್ತೂ ಪೂರ್ತಿ ಆಗಿಲ್ಲ."

ಇಲ್ಲ ರನ್ನು, ಎಂಟಕ್ಕಲ್ಲ, ಎಂದು ಬೆಸ್ಸೆ ಅನ್ನುವಷ್ಟರಲ್ಲಿ ಅವಳು ಸಲಾಂ ಹೇಳಿ ಫೋನ್ ಇಟ್ಟಾಗಿತ್ತು. ಬೆಸ್ಸೆ ರನ್ನುವಿನದೇ ಫೋನಿಗೆ ಮಾಡಿದಳು. ಅದು ಬೇರೆ ಕರೆಯಲ್ಲಿತ್ತು. ದಾಯೆಂಗ್ ತೊಂಪೊನಿಗೆ ಮಾಡಿದಳು. ಊಟದ ಹೊತ್ತಿನಲ್ಲಿ ಆ ಮನೆಯವರು ಫೋನ್ ಮುಟ್ಟುವುದಿಲ್ಲ. ಎಂಟಕ್ಕೆ ಬೇಡ, ಪೆಟ್ಟಿಗೆ ನಿಂತಿಲ್ಲ, ಐದು ನಿಮಿಷ ತಡೆದು ಮಾಡಲು ಹೇಳು ಎಂದು ರನ್ನುವಿಗೆ ಬರೆದು ಕಳಿಸಿದಳು. ಸಂದೇಶ ಹೋಗಿ ಮುಟ್ಟಿತು. ಯಾರೂ ತೆರೆಯಲಿಲ್ಲ.

ಸಲ್ಲಿಕೆಯ ಪುಟದ ತಲೆಯಲ್ಲಿ ಉಳಿದ ಕಾಲ ಇಳಿಯುತ್ತಿತ್ತು. ಬೆಸ್ಸೆ ‘ಹಿಂತೆಗೆ’ ಗುಂಡಿಯನ್ನು ಒತ್ತಿದಳು. ಖಚಿತವೇ, ಮತ್ತೆ ಸರಿಪಡಿಸಲಾಗದು ಎಂದು ಪುಟ ಕೇಳಿತು. ಕೆಳಗೆ ಹೌದು, ಇಲ್ಲ ಎರಡೂ ಇದ್ದವು. ತಾಯಿಯ ಮುಖ ನೆನಪಾಯಿತು, ತಲೆ ಸವರಿದ ಪ್ರೊಫೆಸರರ ಕೈ ನೆನಪಾಯಿತು, ಚಾಚಿಯೇ ನಿಂತಿದ್ದ ತಟ್ಟೆ ನೆನಪಾಯಿತು. ಅವಳು ಹೌದು ಅನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ನೋಡುತ್ತಿದ್ದಂತೆಯೇ ಎರಡೂ ಗುಂಡಿಗಳು ಬೂದುಬಣ್ಣಕ್ಕೆ ತಿರುಗಿದವು. ಸಲ್ಲಿಕೆ ಮುಗಿದಿದೆ, ನಿಮ್ಮ ಪ್ರಬಂಧ ತಲುಪಿದೆ, ಧನ್ಯವಾದ ಎಂದು ಒಂದು ಸಾಲು ಬಂತು.

ಅವಳು ಆ ಪುಟವನ್ನು ಮುಚ್ಚಿದಳು. ಅದರ ಹಿಂದೆ ನಕ್ಷೆ ತೆರೆದೇ ಇತ್ತು. ರನ್ನುವಿಗೆ ಕಳಿಸಿದ ಸಂದೇಶವನ್ನು ಈಗಲೂ ಯಾರೂ ಓದಿರಲಿಲ್ಲ. ಕಾರಿಡಾರಿನಲ್ಲಿ ಕಾವಲುಗಾರ ಒಂದೊಂದೇ ದೀಪ ಆರಿಸಿಕೊಂಡು ಬರುತ್ತಿದ್ದ. ಎಂಟರ ಮೇಲೆ ಎರಡು ನಿಮಿಷ ಕಳೆದು, ಪೆಟ್ಟಿಗೆ ಉಂಡು ಮುಗಿಸಿದಾಗ ನಕ್ಷೆಯಲ್ಲಿ ಹೊಸ ಚುಕ್ಕಿಯೊಂದು ಮೂಡಿತು. ಹಿಂದಿನವುಗಳ ಪಕ್ಕದಲ್ಲಿ, ಕೂದಲೆಳೆಯಷ್ಟೂ ಮೇಲೆ ಕೆಳಗೆ ಇಲ್ಲದೆ, ಸರಿಯಾಗಿ ಗೆರೆಯ ಮೇಲೆ.